ರೇಡಿಯೊ ತಾತನ ಹದಿನೈದು ನಿಮಿಷ

ಕೆಂಪು ಕೂದಲಿನವನನ್ನು ‘ನೀಲಿ’ ಎಂದೂ ಆರೂವರೆ ಅಡಿ ಎತ್ತರದವನನ್ನು ‘ಕುಳ್ಳ’ ಎಂದೂ ಕರೆದು, ಅದನ್ನೇ ನಲವತ್ತು ವರ್ಷ ತಮಾಷೆ ಎಂದು ನಂಬಿಕೊಂಡು ನಗುವ ಊರು, ಸಿಡ್ನಿಯಿಂದ ಬಹುದೂರದ ನಮ್ಮ ವಿರಾಬಿಲ್ಲ. ಇಂಥ ಊರಿನಲ್ಲಿ ಒಂದು ಮಾತಿಗೆ ಮೂರು ಸಲ ಉಗ್ಗುವ ನೆವಿಲ್ ಪಾಸ್ಕೋಗೆ ‘ರೇಡಿಯೊ’ ಎಂದು ಹೆಸರು ಬೀಳದೆ ಇನ್ನೇನು ಬಿದ್ದೀತು? ಇಟ್ಟವನು ಅವನ ಶಾಲೆಯ ಜೊತೆಗಾರ ಕುಳ್ಳ ಡೀಗನ್, ಅದೇ ಆರೂವರೆ ಅಡಿಯ ಮಹಾಶಯ. ನೆವಿಲ್‌ಗೆ ಈಗ ಅರವತ್ತೇಳು. ಅಂಚೆಯವನು ಕೂಡ ಕಾಗದ ಕೊಡುವಾಗ “ಏನ್ ರೇಡಿಯೊ, ಇವತ್ತಿನ ವಾರ್ತೆ ಏನು?” ಎಂದು ಕೇಳುತ್ತಾನೆ. ನೆವಿಲ್ ನಕ್ಕು ತಲೆಯಾಡಿಸುತ್ತಾನೆ. ತಲೆಯಾಡಿಸುವುದಕ್ಕೆ ಉಗ್ಗು ಅಡ್ಡ ಬರುವುದಿಲ್ಲವಲ್ಲ.

ವಿಚಿತ್ರವೆಂದರೆ ನಾಯಿಗಳ ಮುಂದೆ ಅವನಿಗೆ ಉಗ್ಗೇ ಇರಲಿಲ್ಲ. ಎಂಟುನೂರು ಕುರಿ, ಅವನ್ನು ಕಾಯುವ ನಾಯಿಗಳು, ಇಷ್ಟೇ ಅವನ ಸಂಸಾರದ ಮುಕ್ಕಾಲು ಪಾಲು. ಬೇಲಿಯ ಆಚೆ ನಿಂತು ಕೇಳಿದವರು ಯಾರೋ ವಕೀಲ ವಾದ ಮಾಡುತ್ತಿದ್ದಾನೆ ಎಂದುಕೊಳ್ಳಬೇಕು, ಹಾಗೆ ಸಲೀಸಾಗಿ ಮಾತಾಡುತ್ತಿದ್ದ. ನಡುವೆ ಒಬ್ಬ ಮನುಷ್ಯ ಬಂದು “ನಮಸ್ಕಾರ” ಎಂದನೋ, ಮುಗಿಯಿತು. ಆದ್ದರಿಂದಲೇ ಅವನಿಗೆ ಕುರಿನಾಯಿ ಪಂದ್ಯವೆಂದರೆ ಪ್ರಾಣ. ಒಬ್ಬ ಮನುಷ್ಯ, ಒಂದು ನಾಯಿ, ಮೂರು ಕುರಿ, ಹದಿನೈದು ನಿಮಿಷ. ನಾಯಿ ಆ ಮೂರನ್ನೂ ಕಿರುದಾರಿ ದಾಟಿಸಿ, ಮರದ ಸೇತುವೆ ಹತ್ತಿಸಿ ಇಳಿಸಿ, ಕೊನೆಗೆ ದೊಡ್ಡಿಯೊಳಗೆ ನುಗ್ಗಿಸಬೇಕು. ನೋಡುವವರು ಉಸಿರೆತ್ತುವಂತಿಲ್ಲ. ಮುಗಿದ ಮೇಲೆ ಆಡಿಸಿದವನು ತೀರ್ಪುಗಾರನ ಕಡೆ ಟೋಪಿ ಎತ್ತಿ ಸುಮ್ಮನೆ ಹೊರಟುಹೋಗುವುದು ಪದ್ಧತಿ. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಲೋಕದಲ್ಲಿ ಇದಕ್ಕಿಂತ ಮರ್ಯಾದಸ್ಥರ ಆಟ ಇನ್ನೊಂದಿಲ್ಲ ಎಂದು ನೆವಿಲ್ ತಿಳಿದಿದ್ದ.

ಉಳಿದ ಹೊತ್ತಿನಲ್ಲಿ ಅವನ ಬಾಳನ್ನು ನಡೆಸುತ್ತಿದ್ದುದು ‘ಮ’ಕಾರ ಮತ್ತು ‘ಬ’ಕಾರ. ಇವೆರಡೂ ಅವನ ಹುಟ್ಟು ವೈರಿಗಳು. ಬೇಕರಿಯಲ್ಲಿ ಒಳಗೆ ಮಾಂಸ ತುಂಬಿದ ಬಿಸಿಬಿಸಿ ಮೀಟ್ ಪೈ ಕಣ್ಣೆದುರೇ ಹೊಗೆಯಾಡುತ್ತಿರುತ್ತದೆ, ಬಾಯಲ್ಲಿ ನೀರು. ಕೇಳೋಣವೆಂದು ತುಟಿ ಕೂಡಿಸಿದರೆ ತುಟಿ ಬಿಡುವುದಿಲ್ಲ, ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮುತ್ತಾರೆ. ಕೊನೆಗೆ ಅವನು “ಎಗ್ ಸ್ಯಾಂಡ್‌ವಿಚ್” ಎಂದುಬಿಡುತ್ತಿದ್ದ. ಹೀಗೆ ಐವತ್ತು ವರ್ಷ ಮೊಟ್ಟೆ ತಿಂದ. ಅವನಿಗೆ ಮೊಟ್ಟೆ ಕಂಡರಾಗದು ಎಂಬುದು ಹೆಂಡತಿ ಲೊರೇನ್‌ಗೂ ತಿಳಿದದ್ದು ಮದುವೆಯಾಗಿ ಹತ್ತೊಂಬತ್ತು ವರ್ಷದ ಮೇಲೆ.

ಚಿಕಿತ್ಸೆ ಮಾಡಿಸಲಿಲ್ಲವೇ ಎಂದು ನೀವು ಕೇಳಬಹುದು. ಅಯ್ಯೋ, ಅದಕ್ಕೇನು ಕಡಿಮೆ! ಎಂಟನೆಯ ವಯಸ್ಸಿನಲ್ಲಿ ಅವನ ಚಿಕ್ಕಪ್ಪ ನಾಲಿಗೆಯ ಕೆಳಗೆ ಬೆಣಚುಕಲ್ಲು ಇಡಿಸಿ ಮಾತಾಡಿಸಿದ. ಒಂದು ಕಲ್ಲು ಹೊಟ್ಟೆಗೆ ಹೋಯಿತು, ಉಗ್ಗು ಎಲ್ಲಿಗೂ ಹೋಗಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸಿಡ್ನಿಗೆ ಹೋಗಿ, ಮೂರು ವಾರ ಅಲ್ಲೇ ಇದ್ದು, ಮಾತನ್ನು ಮೆಲ್ಲಗೆ ಎಳೆದೆಳೆದು ಆಡುವ ವಿದ್ಯೆ ಕಲಿತುಬಂದ. ಸುಳ್ಳು ಹೇಳಬಾರದು, ಅದು ಕೆಲಸ ಮಾಡಿತು. ಮಾತು ನಿಧಾನವಾಗಿ ಬಂತು, ಆದರೆ ಬಂತು. ಆ ಹುರುಪಿನಲ್ಲೇ ಲೊರೇನ್‌ಳನ್ನು ಮದುವೆಗೆ ಕೇಳಿದ. ಅವನು ವಾಕ್ಯದ ಅರ್ಧಕ್ಕೆ ಬರುವ ಹೊತ್ತಿಗೆ ಅವಳು ಹೂಂ ಎಂದಾಗಿತ್ತು. ಅವನ ವಾಕ್ಯಗಳನ್ನು ಅವಳೇ ಮುಗಿಸುವ ಏರ್ಪಾಡು ಅಂದು ಶುರುವಾದದ್ದು ಇಂದಿಗೂ ನಿಂತಿಲ್ಲ.

ಕೆಟ್ಟದ್ದು ಎಲ್ಲಿ ಎಂದರೆ, ಒಂದು ಪಬ್ಬಿನಲ್ಲಿ, ಇನ್ನೊಂದು ಹೊಲದಲ್ಲಿ. ಪಬ್ಬಿನಲ್ಲಿ ಅವನು “ಒಂ...ದು ಬಿ...ಯ...ರು” ಎಂದಾಗ ಕುಳ್ಳ ಡೀಗನ್, “ಬೇಗ ಹೇಳೋ ಮಾರಾಯ, ನೀನು ಮುಗಿಸೋದ್ರೊಳಗೆ ಬಿಯರ್ ಕಾಫಿ ಆಗತ್ತೆ!” ಎಂದು ಇಡೀ ಪಬ್ಬನ್ನು ನಗಿಸಿದ. ಹೊಲದಲ್ಲಿ ಅವನು ನಾಯಿಗೂ ಅದೇ ಎಳೆದ ದನಿಯಲ್ಲಿ ಹೇಳಿದ. ಕುರಿನಾಯಿಗೆ ಉದ್ದ ದನಿ ಎಂದರೆ ‘ನಿಧಾನಿಸು’ ಎಂದರ್ಥ. ಆ ವರ್ಷದ ಪಂದ್ಯದಲ್ಲಿ ಅವನ ನಾಯಿ ಮದುವಣಗಿತ್ತಿಯ ನಡಿಗೆಯಲ್ಲಿ ಹೋಗಿ, ಸೇತುವೆ ಮುಟ್ಟುವಷ್ಟರಲ್ಲಿ ಹದಿನೈದು ನಿಮಿಷವೂ ತೀರಿಹೋಯಿತು. ನೆವಿಲ್ ಸಿಟ್ಟಿನಿಂದ ಅಭ್ಯಾಸವನ್ನೇ ಬಿಟ್ಟ. ದಿನಾ ಸಾಧನೆ ಮಾಡದಿದ್ದರೆ ನಿಲ್ಲದು ಎಂದು ಸಿಡ್ನಿಯಲ್ಲಿ ಕಲಿಸಿದವರು ನೂರು ಸಲ ಹೇಳಿ ಕಳಿಸಿದ್ದರು. ನಾಲ್ಕು ತಿಂಗಳಿಗೆ ಉಗ್ಗು ಮರಳಿ ಬಂದು ಮೊದಲಿನ ಜಾಗದಲ್ಲೇ ಕೂತಿತು.

ಇಷ್ಟಾಗಿಯೂ ಅವನು ಅದನ್ನು ಹೇಗೋ ನುಂಗಿಕೊಂಡು ನಲವತ್ತೈದು ವರ್ಷ ಕಳೆದ. ನುಂಗಲಾಗದ್ದು ಬಂದದ್ದು ಕಳೆದ ಮಾರ್ಚಿನಲ್ಲಿ, ಬೆಳಗಿನ ತಿಂಡಿಯ ಹೊತ್ತಿಗೆ. ಮಗಳು ಟ್ಯಾಮ್ಸಿನ್ ದೂರದ ಗಣಿಯಲ್ಲಿ ಮನೆಯಷ್ಟು ದೊಡ್ಡ ಲಾರಿ ಓಡಿಸುತ್ತಾಳೆ. ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ಅವಳ ನಾಲ್ಕು ವರ್ಷದ ಮಗಳು ಬ್ರೈಡಿ ಬೆಳೆಯುತ್ತಿರುವುದು ಅಜ್ಜಿ ತಾತನ ಮನೆಯಲ್ಲೇ. ಆ ದಿನ ಬ್ರೈಡಿ ತಟ್ಟೆ ಮುಂದಿಟ್ಟುಕೊಂಡು, “ತಾತ, ನ ನ ನ ನನಗೆ ಇನ್ನೊಂದು ಬ್ ಬ್ ಬ್ರೆಡ್ಡು” ಎಂದಳು.

ನೆವಿಲ್‌ನ ಕೈಯಲ್ಲಿದ್ದ ಚಹಾ ಮಡಿಲಿಗೆ ಚೆಲ್ಲಿತು. ಅವನು ಎದ್ದು ಹೋಗಿ ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ ಓಪಲ್‌ಳ ಪಕ್ಕ ಕೂತುಬಿಟ್ಟ. ಓಪಲ್ ಅವನ ಕಪ್ಪುಬಿಳಿ ಹೆಣ್ಣುನಾಯಿ. “ನನ್ನ ಆಸ್ತಿ ಅಂತ ಇದ್ದಿದ್ದು ಇದೊಂದೇನಾ ಆ ಮಗೂಗೆ ಕೊಡೋಕೆ?” ಎಂದು ಅವಳನ್ನು ಕೇಳಿದ, ಒಂದು ಚೂರೂ ಉಗ್ಗದೆ. ತರಗತಿಯಲ್ಲಿ ಹಾಜರಿ ಕೂಗುವಾಗ ಒದ್ದೆಯಾಗುತ್ತಿದ್ದ ಅಂಗೈ, ನಕ್ಕವರ ಮುಖಗಳು, ಐವತ್ತು ವರ್ಷದ ಮೊಟ್ಟೆ ಎಲ್ಲವೂ ಆ ಮಗುವಿನ ಮುಂದೆ ಸಾಲಾಗಿ ನಿಂತಂತೆ ಅವನಿಗೆ ಕಂಡಿತು. ಅಳು ಬಂತು, ಅತ್ತ.

ಲೊರೇನ್ ಅಳುವ ಜಾತಿಯವಳಲ್ಲ. ಮಧ್ಯಾಹ್ನದೊಳಗೆ ಸಿಡ್ನಿಯಲ್ಲಿ ಮಾತಿನ ಚಿಕಿತ್ಸೆ ಮಾಡುವ ಥಾವೊ ಎಂಬ ಹುಡುಗಿಯನ್ನು ಹಿಡಿದಳು. ವಾರಕ್ಕೊಮ್ಮೆ ಕಂಪ್ಯೂಟರಿನ ಪರದೆಯಲ್ಲೇ ಭೇಟಿ. ಥಾವೊ ನೋಡಲು ಶಾಲೆ ಮುಗಿಸಿದವಳಂತಿದ್ದಳು, ಆದರೆ ಮಾತು ಖಡಕ್ಕು.

“ಮಾತ್ರೆ ಇಲ್ಲ, ಔಷಧಿ ಇಲ್ಲ. ದಿನಕ್ಕೆ ಹದಿನೈದು ನಿಮಿಷ ಮಗು ಜೊತೆ ಆಟ ಆಡ್ತಾ ಮಾತಾಡ್ಬೇಕು. ಮಾತು ಸಲೀಸಾಗಿ ಬಂದ್ರೆ ತಕ್ಷಣ ‘ನುಣ್ಣಗಿತ್ತು’ ಅಂತ ಮೆಚ್ಕೋಬೇಕು. ಯಾವಾಗ್ಲೋ ಒಂದ್ಸಲ, ಮೆತ್ತಗೆ, ‘ಅಲ್ಲೊಂದು ಉಬ್ಬು ಬಂತು’ ಅನ್ಬಹುದು. ಬೈಯೋ ಹಾಗಿಲ್ಲ. ಅಷ್ಟೇ.”

“ಅ ಅ ಅಷ್ಟೇನಾ?” ಎಂದ ನೆವಿಲ್. “ಇದು ಕೆಲಸ ಮ್ ಮ್ ಮ್...”

“ಮಾಡತ್ತಾ ಅಂತ ಕೇಳ್ತಿದಾರೆ,” ಎಂದಳು ಲೊರೇನ್.

“ಶಾಲೆಗೆ ಸೇರೋಕ್ ಮುಂಚೆ ಹಿಡಿದ್ರೆ ತುಂಬಾ ಚೆನ್ನಾಗಿ ಮಾಡತ್ತೆ. ಎಲ್ಲಾ ಮಕ್ಕಳಿಗೂ ಆಗೇ ಆಗತ್ತೆ ಅಂತ ಬರ್ಕೊಡಲ್ಲ. ತಿಂಗಳುಗಟ್ಟಲೆ ಹಿಡಿಯತ್ತೆ, ಒಂದು ದಿನಾನೂ ತಪ್ಪಿಸ್ಬಾರ್ದು. ಮತ್ತೆ ಕೇಳಿ, ಇದು ಮನೆತನದಲ್ಲಿ ಬರೋದುಂಟು, ಆದ್ರೆ ನಿಮ್ಮನ್ನ ನೋಡಿ ಕಲ್ತಿದ್ದಲ್ಲ. ಇದ್ರಲ್ಲಿ ನಿಮ್ ತಪ್ಪು ಏನೂ ಇಲ್ಲ.”

ನೆವಿಲ್ ಕಿಟಕಿಯ ಕಡೆ ನೋಡುತ್ತ ಇನ್ನೊಂದು ಪ್ರಶ್ನೆ ಕೇಳಿದ. “ಅ ಅರವತ್ತೇಳಕ್ಕೆ?”

ಥಾವೊ ನಗಲಿಲ್ಲ. “ಆ ವಯಸ್ಸಿಗೆ ಪೂರ್ತಿ ಹೋಗತ್ತೆ ಅಂತ ಸುಳ್ಳು ಹೇಳಲ್ಲ. ಅಭ್ಯಾಸ ಮಾಡಿದ್ರೆ ಸಲೀಸಾಗತ್ತೆ, ಬಿಟ್ರೆ ವಾಪಸ್ ಬರತ್ತೆ. ಅದಕ್ಕೆ ದೊಡ್ಡೋರಿಗೆ ನಾವು ಇನ್ನೊಂದೂ ಕಲಿಸ್ತೀವಿ. ಉಗ್ಗಿದ್ರೆ ಉಗ್ಗಲಿ ಅಂತ ಮಾತಾಡೋದು. ತಪ್ಪಿಸ್ಕೊಳ್ಳದೇ ಇರೋದು.”

“ಅದು ಬ್ ಬೇಡ,” ಎಂದು ನೆವಿಲ್ ಬೇಗ ಹೇಳಿದ.

ಪಾಠ ಹೇಳುವ ಕೆಲಸ ಮೊದಲು ಲೊರೇನ್‌ಳ ಪಾಲಿಗೆ ಬಂತು. ಥಾವೊ ಪರದೆಯಲ್ಲಿ ನೋಡುತ್ತಿದ್ದಳು. ಹದಿನೈದು ನಿಮಿಷದಲ್ಲಿ ಲೊರೇನ್ ಬೇಲಿ ಮುರಿದ ಕಾಂಗರೂ, ಚರ್ಚಿನಲ್ಲಿ ಮಾರಲು ಕಾಸಿದ ಜ್ಯಾಮು, ತನ್ನ ತಂಗಿಯ ಮಂಡಿನೋವು ಎಲ್ಲವನ್ನೂ ಮುಗಿಸಿದಳು. ಬ್ರೈಡಿಗೆ ಸಿಕ್ಕಿದ್ದು “ಹೂಂ” ಮಾತ್ರ. “ಲೊರೇನ್,” ಎಂದಳು ಥಾವೊ, ತುಂಬ ಹುಷಾರಾಗಿ, “ಮಗು ಮಾತಾಡೋಕೆ ಒಂಚೂರು ಜಾಗ ಬೇಕಲ್ವಾ? ತಾತ ಮಾಡಿದ್ರೆ ಹೇಗೆ?”

“ಇವ್ನಾ?” ಲೊರೇನ್ ಬಾಯಿ ಬಿಟ್ಟಳು. “ಕುಂಟನ ಕೈಲಿ ಕುಣಿತ ಕಲಿಸ್ದಂಗೆ!”

ಆದರೆ ಹೇಳಿಕೊಡುವ ವಿಚಾರದಲ್ಲಿ ನೆವಿಲ್ ಹಸುಗೂಸಲ್ಲ. ಮೂವತ್ತೊಂದು ನಾಯಿ ತಿದ್ದಿದವನು. ಮರಿ ಸರಿಯಾಗಿ ಮಾಡಿದ ಆ ಕ್ಷಣದಲ್ಲೇ ಮೆಚ್ಚಬೇಕು, ಒಂದು ಉಸಿರು ತಡವಾದರೂ ಮರಿ ಬೇರೆ ಏನನ್ನೋ ಕಲಿಯುತ್ತದೆ, ಬೈದರೆ ಏನನ್ನೂ ಕಲಿಯುವುದಿಲ್ಲ ಎಂಬುದು ಅವನಿಗೆ ರಕ್ತಗತ. ಥಾವೊ ಹೇಳಿದ್ದೂ ಅದನ್ನೇ. ಒಂದು ವಿಷಯದಲ್ಲಿ ಮಾತ್ರ ಅವನು ಆ ಹುಡುಗಿಯನ್ನು ನಂಬಲಿಲ್ಲ. ಬಾಯಿಮಾತಿನ ಮೆಚ್ಚುಗೆ ಸಾಕು, ತಿಂಡಿ ಬೇಡ ಎಂದಿದ್ದಳು ಅವಳು. ಪಟ್ಟಣದ ಹುಡುಗಿಗೆ ಏನು ಗೊತ್ತು? ಬರೀ ಹೊಗಳಿಕೆಗೆ ಕಲಿತ ಮರಿಯನ್ನು ಅವನು ಈ ಜನ್ಮದಲ್ಲಿ ಕಂಡಿರಲಿಲ್ಲ. ಹಾಗಾಗಿ ಅಡುಗೆಮನೆಯ ಮೇಜಿನ ಮೇಲೆ ಓಟ್ಸ್ ಬಿಸ್ಕತ್ತಿನ ಡಬ್ಬಿ ಬಂತು. ಬ್ರೈಡಿ ಸಲೀಸಾಗಿ ಒಂದು ಮಾತಾಡಿದರೆ “ನುಣ್ಣಗಿತ್ತು!”, ಒಂದು ಚೂರು ಬಿಸ್ಕತ್ತು. ಥಾವೊಗೆ ಮಾತ್ರ ಇದನ್ನು ಹೇಳಲಿಲ್ಲ.

ಅವನಿಗೇ ತಿಳಿಯದ ಸಂಗತಿ ಇನ್ನೊಂದಿತ್ತು. ಬ್ರೈಡಿ ಅರ್ಧ ಚೂರು ತಾನು ತಿಂದು ಉಳಿದರ್ಧವನ್ನು ಮೇಜಿನ ಕೆಳಗೆ ಇಳಿಬಿಡುತ್ತಿದ್ದಳು. ಅಲ್ಲಿ ಓಪಲ್ ಮಲಗಿರುತ್ತಿದ್ದಳು.

‘ನುಣ್ಣಗಿತ್ತು’ ಎಂಬ ಮಾತನ್ನು ಮೊದಲ ವಾರ ನುಣ್ಣಗೆ ಹೇಳಲು ನೆವಿಲ್‌ಗೆ ಆಗುತ್ತಿರಲಿಲ್ಲ. “ನ್ ನ್ ನುಣ್ಣ...” ಎನ್ನುವಷ್ಟರಲ್ಲಿ ಬ್ರೈಡಿ ಮೂರು ವಾಕ್ಯ ಮುಂದೆ ಹೋಗಿರುತ್ತಿದ್ದಳು. ಕೊನೆಗೆ ಅವನು ಕಣ್ಣನ್ನು ಮೇಜಿನ ಕೆಳಗಿನ ನಾಯಿಯ ಕಡೆ ಇಟ್ಟು, ನಾಯಿಗೆ ಹೇಳಿದಂತೆ ಹೇಳುವುದನ್ನು ಕಂಡುಕೊಂಡ. ಮಾತು ಜಾರಿಕೊಂಡು ಬಂತು. ಎರಡನೆಯ ತಿಂಗಳಿಗೆ ಬ್ರೈಡಿ ತಾನೂ ಗುರುವಾದಳು. “ತಾತ, ಅಲ್ಲೊಂದು ಉಬ್ಬು ಬಂತು,” “ತಾತ, ನುಣ್ಣಗಿತ್ತು, ತಗೋ,” ಎಂದು ಅವನ ಬಾಯಿಗೇ ಬಿಸ್ಕತ್ತು ತುರುಕುತ್ತಿದ್ದಳು.

ದಿನದ ಕೊನೆಗೆ ಉಗ್ಗಿಗೆ ಅಂಕ ಕೊಡಬೇಕಿತ್ತು, ತೀರಾ ಹೆಚ್ಚಿದ್ದರೆ ಒಂಬತ್ತು, ಇಲ್ಲದಿದ್ದರೆ ಸೊನ್ನೆ. ನೆವಿಲ್ ಪಂದ್ಯದ ತೀರ್ಪುಗಾರನಂತೆ ಅರ್ಧ, ಕಾಲು ಅಂಕಗಳನ್ನೂ ಬಿಡದೆ ಬರೆದ. ಮೇ ತಿಂಗಳಲ್ಲಿ ಆರೂಮುಕ್ಕಾಲು, ಜುಲೈಯಲ್ಲಿ ಮೂರೂಕಾಲು, ಆಗಸ್ಟ್ ಮುಗಿಯುವಾಗ ಒಂದು. ಒಂದು ದಿನ ಬ್ರೈಡಿ ಬಿಸ್ಕತ್ತು ಕಡಿಯುತ್ತ ಕೇಳಿದಳು: “ತಾತ, ನನ್ ಉಬ್ಬೆಲ್ಲಾ ಖಾಲಿಯಾದ್ರೆ ನಿನ್ ಜೊತೆ ಉಬ್ಬು ಮಾತಾಡೋರು ಯಾರು?”

ನೆವಿಲ್ ಅಂಕ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟ. ಅಂಕ ಇಳಿದಂತೆಲ್ಲ ತನಗೆ ಹಿಗ್ಗಿನ ಜೊತೆ ಇನ್ನೇನೋ ಆಗುತ್ತಿತ್ತಲ್ಲ, ಅದು ಇದೇ ಎಂದು ಆಗ ಗೊತ್ತಾಯಿತು. “ಓಪಲ್ ಇದಾಳಲ್ಲ,” ಎಂದ.

“ಓಪಲ್ ಮಾತಾಡಲ್ಲ, ತಾತ.”

“ಅದಕ್ಕೇ ಅವಳು ನನಗಿಷ್ಟ.”

ಮನೆಯಲ್ಲಿ ಎಲ್ಲ ಸರಿ. ಆದರೆ ಹೊಸ್ತಿಲು ದಾಟಿದರೆ ಬ್ರೈಡಿ ಬಾಯಿಗೆ ಬೀಗ. ಶಿಶುವಿಹಾರದಲ್ಲಿ ಯಾರೋ ಅವಳ ಉಗ್ಗನ್ನು ಅಣಕಿಸಿ ನಕ್ಕಿದ್ದರು. ಅಂದಿನಿಂದ ಹೊರಗಿನವರ ಮುಂದೆ ತಲೆಯಾಡಿಸುವುದು ಕಲಿತಿದ್ದಳು, ಥೇಟು ತಾತನ ಹಾಗೆ. “ಮನೇಲಿ ನುಣ್ಣಗಾಗಿದ್ದು ಅರ್ಧ ದಾರಿ,” ಎಂದಳು ಥಾವೊ. “ನಾಲ್ಕು ಜನರ ಮುಂದೆ ಬಾಯಿ ಬಿಡಬೇಕು. ಜನವರಿಗೆ ಶಾಲೆ ಶುರುವಾಗತ್ತೆ. ಅಷ್ಟರೊಳಗೆ ಒಂದ್ಸಲ ಬಿಟ್ಳು ಅಂದ್ರೆ ಆಮೇಲೆ ಭಯ ಇಲ್ಲ.” ಬ್ರೈಡಿ ತಲೆಯಾಡಿಸುವುದನ್ನು ಕಂಡಾಗಲೆಲ್ಲ ನೆವಿಲ್‌ಗೆ ಬಾಯಲ್ಲಿ ಮೊಟ್ಟೆಯ ರುಚಿ ಬರುತ್ತಿತ್ತು.

ಅಕ್ಟೋಬರಿನಲ್ಲಿ ವಿರಾಬಿಲ್ಲದ ದೊಡ್ಡ ಪಂದ್ಯ. ನೆವಿಲ್ ಮತ್ತು ಓಪಲ್ ಕೊನೆಯ ಸುತ್ತಿಗೆ ಬಂದಿದ್ದರು. ಗೆದ್ದವರ ಹೆಗಲಿಗೆ ಹಾಕುವ ನೀಲಿ ಪಟ್ಟಿ ಅವನಿಗೆ ಈವರೆಗೂ ಸಿಕ್ಕಿರಲಿಲ್ಲ. ಮೈಕು ಹಿಡಿದವನು ಕುಳ್ಳ ಡೀಗನ್. ಬೇಲಿಯ ಸುತ್ತ ಇನ್ನೂರು ಜನ, ಮಡಚುವ ಕುರ್ಚಿಗಳಲ್ಲಿ, ಸೊಳ್ಳೆ ಕೂತರೂ ಕೈ ಎತ್ತದೆ ಕೂತಿದ್ದರು. ಲೊರೇನ್ ಕೂಡ ಸುಮ್ಮನಿದ್ದಳು. ಅದಕ್ಕಾಗಿ ಅವಳು ಬಾಯಲ್ಲಿ ಎರಡು ಪೆಪ್ಪರ್‌ಮಿಂಟು ಇಟ್ಟುಕೊಂಡಿದ್ದಳು. ಬ್ರೈಡಿ ಬೇಲಿಯ ಕೆಳಗಿನ ಕಂಬಿ ಹತ್ತಿ ನಿಂತಿದ್ದಳು.

ಓಪಲ್ ಅಂದು ನಾಯಿಯಲ್ಲ, ದೇವತೆ. ಕುರಿಗಳು ಕಿರುದಾರಿ ದಾಟಿದವು, ಸೇತುವೆ ಹತ್ತಿ ಇಳಿದವು. ಹನ್ನೆರಡನೆಯ ನಿಮಿಷಕ್ಕೆ ಮೂರೂ ದೊಡ್ಡಿಯ ಬಾಗಿಲಿಗೆ ಬಂದು ನಿಂತವು. ನೆವಿಲ್ ಒಂದು ಕೈಯಲ್ಲಿ ಬಾಗಿಲನ್ನು ಅಗಲ ತೆರೆದು ಹಿಡಿದ. “ಮುಂದೆ, ಮೆಲ್ಲಗೆ, ಮೆಲ್ಲಗೆ ಬಾ ನನ್ನ ಚಿನ್ನ,” ಎಂದು ಓಪಲ್‌ಗೆ ಹೇಳಿದ. ‘ಮ’ಕಾರ ‘ಬ’ಕಾರ ಎಲ್ಲ ಎಣ್ಣೆಯಂತೆ ಹರಿದವು. ಇನ್ನು ಎರಡು ಹೆಜ್ಜೆ.

ಆಗ ಇನ್ನೂರು ಜನರ ನಿಶ್ಶಬ್ದದ ನಡುವೆ ಒಂದು ಸಣ್ಣ ದನಿ ಗಂಟೆಯಂತೆ ಮೊಳಗಿತು. “ತಾತ, ನೀನು ಎಷ್ಟು ಚೆನ್ನಾಗಿ ಮಾತಾಡ್ದೆ, ನುಣ್ಣಗಿತ್ತು!”

ಓಪಲ್‌ಳ ಕಿವಿಗಳು ನೆಟ್ಟಗಾದವು. ಆರು ತಿಂಗಳಿನಿಂದ ಆ ಮಾತಿಗೆ ಒಂದೇ ಅರ್ಥ, ಓಟ್ಸ್ ಬಿಸ್ಕತ್ತು. ಅವಳು ಕುರಿಗಳನ್ನು ಅಲ್ಲೇ ಬಿಟ್ಟು, ನೆವಿಲ್‌ಗೂ ಕುರಿಗೂ ನಡುವೆ ಬಾಣದಂತೆ ದಾಟಿ, ಬೇಲಿಯ ಬಳಿ ಹೋಗಿ ಬ್ರೈಡಿಯ ಮುಂದೆ ಕೂತು ಬಾಯಿ ತೆರೆದಳು. ನಾಯಿ ಹಾಗೆ ಅಡ್ಡ ದಾಟಿದರೆ ಆಟ ಮುಗಿದಂತೆ. ಮೂರು ಕುರಿಗಳೂ ಮೂರು ದಿಕ್ಕಿಗೆ ಓಡಿದವು. ನೆವಿಲ್ ಬಾಗಿಲು ಹಿಡಿದುಕೊಂಡೇ ನಿಂತಿದ್ದ. ಆ ಬಿಸ್ಕತ್ತಿನ ವ್ಯವಹಾರವೆಲ್ಲ ಅವನಿಗೆ ಒಂದೇ ಏಟಿಗೆ ಅರ್ಥವಾಯಿತು.

“ಅಯ್ಯಯ್ಯೋ!” ಎಂದಿತು ಮೈಕು. “ಪಾಸ್ಕೋ ಔಟ್! ಯಾರ್ರೀ ಅದು, ಯಾರ ಮಗು? ಪಂದ್ಯದ ಹೊತ್ತಲ್ಲಿ ಬಾಯಿ ಮುಚ್ಕೊಂಡಿರ್ಬೇಕು ಅಂತ ಹೇಳ್ಕೊಟ್ಟಿಲ್ವಾ?”

ಜನ ತಿರುಗಿ ನೋಡಿದರು. ಬ್ರೈಡಿ ಕಂಬಿಯಿಂದ ಇಳಿದಳು. ನೆವಿಲ್ ದೂರದಿಂದಲೇ ಅವಳ ಮುಖ ನೋಡಿದ. ತುಟಿ ಒಂದಕ್ಕೊಂದು ಅಂಟಿಕೊಂಡದ್ದು ಕಂಡಿತು. ಆ ಮುಖ ಅವನಿಗೆ ಚೆನ್ನಾಗಿ ಗೊತ್ತು, ಆರನೆಯ ವಯಸ್ಸಿನಲ್ಲಿ ಅದು ಅವನದೇ ಆಗಿತ್ತು. ಪದ್ಧತಿಯ ಪ್ರಕಾರ ಈಗ ಟೋಪಿ ಎತ್ತಿ ಸುಮ್ಮನೆ ಹೊರಟುಹೋಗಬೇಕು. ನಲವತ್ತು ವರ್ಷ ಅವನು ಹಾಗೇ ಮಾಡಿದ್ದ. ಈಗ ಟೋಪಿ ಎತ್ತಿದ, ಆದರೆ ಹೊರಟದ್ದು ಮೈಕಿನ ಕಡೆ.

“ಏನೋ ರೇಡಿಯೊ?” ಡೀಗನ್ ಬೆಪ್ಪಾದ. ನೆವಿಲ್ ಅವನ ಕೈಯಿಂದ ಮೈಕು ಕಿತ್ತುಕೊಂಡ.

“ಅ ಅ ಅದು ನನ್ನ ಮ್ ಮ್ ಮ್...” ಧ್ವನಿವರ್ಧಕಗಳಲ್ಲಿ ಆ ‘ಮ’ಕಾರ ಬಯಲೆಲ್ಲ ಗುಂಯ್‌ಗುಟ್ಟಿತು. ಅಭ್ಯಾಸಬಲದಿಂದ ಲೊರೇನ್ ವಾಕ್ಯ ಮುಗಿಸಲು ಬಾಯಿ ತೆರೆದಳು, ಪೆಪ್ಪರ್‌ಮಿಂಟು ಕೆಳಗೆ ಬಿತ್ತು, ಮತ್ತೆ ಏಕೋ ಬಾಯಿ ಮುಚ್ಚಿದಳು. “...ಮೊಮ್ಮಗಳು. ಹೆಸರು ಬ್... ಬ್ಬ್... ಬ್ಬ್ಬ್...”

ಇನ್ನೂರು ಜನ ಕಾದರು. ಕಾಯುವುದು ಅವರಿಗೆ ಅಭ್ಯಾಸ, ಕುರಿಗಳಿಗಾಗಿ ದಿನವಿಡೀ ಕಾದವರು. ಮೈಕನ್ನು ಡೀಗನ್‌ಗೆ ಕೊಟ್ಟು ಓಡಿಹೋಗೋಣವೇ ಎಂದು ನೆವಿಲ್‌ಗೆ ಒಮ್ಮೆ ಅನ್ನಿಸಿತು. ಬ್ರೈಡಿ ನೋಡುತ್ತಿದ್ದಳು. ಅವನು ಓಡಲಿಲ್ಲ.

“...ಬ್ರೈಡಿ. ನಾ ನಾಲ್ಕೂವರೆ ವರ್ಷ. ಅವಳೂ ನನ್ ಹಾಗೇ ಉ ಉಗ್ಗುತ್ತಿದ್ಳು. ಹೊರಗೆ ಯಾರ ಮುಂದೇನೂ ಬ್ ಬಾಯಿ ಬಿಡ್ತಿರ್ಲಿಲ್ಲ. ಇವತ್ತು ಇನ್ನೂರು ಜನರ ಮುಂದೆ ಒಂದು ಇಡೀ ಮ್ ಮಾತು ಹೇಳಿದಾಳೆ. ಆ ಪಟ್ಟಿ ಯಾರಿಗೆ ಬೇಕೋ ಕ್ ಕೊಟ್ಕೊಳ್ಳಿ.” ಅವನು ಉಸಿರೆಳೆದುಕೊಂಡು ಮೊಮ್ಮಗಳನ್ನು ನೇರವಾಗಿ ನೋಡಿದ. “ಪುಟ್ಟಿ, ನುಣ್ಣಗಿತ್ತು!”

ಬಯಲಿನ ನಾಲ್ಕು ಮೂಲೆಯ ಧ್ವನಿವರ್ಧಕಗಳಿಂದಲೂ ‘ನುಣ್ಣಗಿತ್ತು’ ಕೇಳಿ ಓಪಲ್‌ಗೆ ತಲೆ ಕೆಟ್ಟಿತು. ಅವಳು ಒಂದೊಂದು ಕಂಬಕ್ಕೂ ಓಡಿ ಓಡಿ ಬಿಸ್ಕತ್ತು ಹುಡುಕತೊಡಗಿದಳು. ಮೊದಲು ನಕ್ಕವಳು ಬ್ರೈಡಿ. ಆಮೇಲೆ ಯಾರೂ ತಡೆಯಲಿಲ್ಲ, ಡೀಗನ್ ಹೊಟ್ಟೆ ಹಿಡಿದುಕೊಂಡು ಕಣ್ಣೊರೆಸಿಕೊಂಡ. ನಗುವಿನಿಂದಲೇ ಕಣ್ಣು ಒದ್ದೆಯಾಯಿತೆಂದು ಅವನು ಈಗಲೂ ಸಾಧಿಸುತ್ತಾನೆ, ನಾವು ಒಪ್ಪುವುದಿಲ್ಲ.

ಥಾವೊಗೆ ಬಿಸ್ಕತ್ತಿನ ಗುಟ್ಟು ಹೇಳಲೇಬೇಕಾಯಿತು, ಅವಳು ಬೈದದ್ದೂ ಆಯಿತು. ಅದು ಮುಂದಿನ ವಾರದ ಮಾತು. ಅಂದು ಬ್ರೈಡಿ ತಾತನ ಕೈ ಹಿಡಿದು ತಿಂಡಿಯ ಗಾಡಿಯ ಸಾಲಿನಲ್ಲಿ ನಿಂತಳು. ಗಾಡಿಯ ಹೆಂಗಸು ನೆವಿಲ್‌ನನ್ನು ಕಂಡದ್ದೇ ಎಗ್ ಸ್ಯಾಂಡ್‌ವಿಚ್ಚಿಗೆ ಕೈ ಹಾಕಿದಳು. ಅವನು ಕೈಯೆತ್ತಿ ಅವಳನ್ನು ತಡೆದ.

“ಎರಡು ಮ್... ಮ್ಮ್... ಮ್ಮ್ಮ್...”

ಹಿಂದೆ ಯಾರೋ ಕೆಮ್ಮಿದರು. ಬ್ರೈಡಿ ಹಿಂದಿರುಗಿ ನೋಡಿ, ಸಾಲಿಗೆಲ್ಲ ಕೇಳುವಂತೆ ಹೇಳಿದಳು: “ತಾತ ಇನ್ನೂ ಹೇಳ್ತಿದಾರೆ. ಕಾಯಿರಿ.”

ಎಲ್ಲರೂ ಕಾದರು.

“...ಮೀಟ್ ಪೈ,” ಎಂದ ನೆವಿಲ್.